ನಮ್ಮ ಮನೆಯಿಂದ ಹೋದ ಒಂದು ಅರ್ಜಿ

ಅರ್ಜಿ ಬರೆಯುವ ವಿದ್ಯೆಯಲ್ಲಿ ಹೊರನಾಡ ಕನ್ನಡಿಗರನ್ನು ಮೀರಿಸುವವರು ಇರಲಾರರು. ಊರಿನಲ್ಲೇ ಉಳಿದವನಿಗೆ ಎಷ್ಟೋ ಸಂಗತಿಗಳು ಹುಟ್ಟಿನೊಡನೆ ಬಂದುಬಿಡುತ್ತವೆ. ಊರು ಬಿಟ್ಟು ಬಂದವನು ಒಂದೊಂದನ್ನೂ ಕಾಗದದ ಮೇಲೆ ಬರೆದು ಕೇಳಬೇಕು. ರೇಷನ್ ಕಾರ್ಡಿಗೆ ಅರ್ಜಿ, ಹಾಲಿನ ಕಾರ್ಡಿಗೆ ಅರ್ಜಿ, ಗ್ಯಾಸಿಗೆ ಅರ್ಜಿ, ಟೆಲಿಫೋನಿಗೆ ಅರ್ಜಿ. ಟೆಲಿಫೋನಿಗೆ ಅರ್ಜಿ ಹಾಕಿ ಅದು ಮನೆಗೆ ಬರುವಷ್ಟರಲ್ಲಿ ಮಗನಿಗೆ ಮೀಸೆ ಬಂದ ಸಂಸಾರಗಳನ್ನು ನಾವು ಬಲ್ಲೆವು. ನೌಕರಿಯ ಅರ್ಜಿಯಂತೂ ಒಂದು ಮಂತ್ರವೇ ಆಗಿತ್ತು. 'ರೆಸ್ಪೆಕ್ಟೆಡ್ ಸರ್, ವಿತ್ ರೆಫರೆನ್ಸ್ ಟು ಯುವರ್ ಅಡ್ವರ್ಟೈಸ್‌ಮೆಂಟ್' ಎಂದು ಮೊದಲುಮಾಡಿ 'ಯುವರ್ಸ್ ಫೇತ್‌ಫುಲಿ' ಎಂದು ಮುಗಿಸುವವರೆಗೆ ಒಂದಕ್ಷರ ಆಚೀಚೆಯಾಗದಂತೆ ರಾತ್ರಿ ಶಾಲೆಯ ಮಾಸ್ತರರು ಬಾಯಿಪಾಠ ಮಾಡಿಸುತ್ತಿದ್ದರು. ಅರ್ಥ ತಿಳಿಯದೆ ಜಪಿಸಿದರೂ ಆ ಮಂತ್ರ ಫಲ ಕೊಟ್ಟಿತೆಂಬುದಕ್ಕೆ ಈ ಮುಂಬಯಿಯ ಎಷ್ಟೋ ಬ್ಯಾಂಕು, ಮಿಲ್ಲು, ಕಚೇರಿಗಳೇ ಸಾಕ್ಷಿ.

ಈ ವರ್ಷ ನಮ್ಮ ಮನೆಯಿಂದ ಹೋದ ಅರ್ಜಿ ಮಾತ್ರ ಆ ಜಾತಿಯದಲ್ಲ. ಅದು ನಮ್ಮ ಮಗಳದು. ಕೇಳಿದ ಹುದ್ದೆ 'ಕಮ್ಯೂನಿಟಿ ಆರ್ಗನೈಸರ್'. ಕೊಡುವವರು ಸರಕಾರದವರಲ್ಲ, ಕಂಪೆನಿಯವರೂ ಅಲ್ಲ. ಪೂರ್ವ ಉಪನಗರದ ಝೋಪಡ್‌ಪಟ್ಟಿಗಳಲ್ಲಿ ನೀರು ಮತ್ತು ವಸತಿಯ ಹಕ್ಕಿಗಾಗಿ ದುಡಿಯುವ ಒಂದು ಸ್ವಯಂಸೇವಾ ಸಂಸ್ಥೆಯವರು. ಇಂಥ ಕೆಲಸಕ್ಕೆ ಅರ್ಜಿ ಹಾಕುವುದೆಂದರೇನು, ಅಲ್ಲಿ ಏನನ್ನು ಕೇಳುತ್ತಾರೆ, ಮನೆಯವರ ಮನಸ್ಸಿನಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ನಾಲ್ಕು ಮಂದಿಯೊಡನೆ ಹಂಚಿಕೊಂಡರೆ ನಾಳೆ ಇನ್ನೊಬ್ಬರ ಮನೆಯ ಮಕ್ಕಳಿಗೆ ಉಪಯೋಗವಾದೀತು ಎಂದುಕೊಂಡು ಇದನ್ನು ಬರೆಯುತ್ತಿದ್ದೇವೆ.

'ನಾವು' ಎಂದರೆ ಡೊಂಬಿವಲಿಯ ಎರಡು ಕೋಣೆಯ ಮನೆಯ ಗಂಡಹೆಂಡಿರು. ನಮ್ಮಲ್ಲಿ ಒಬ್ಬರು 1979ರಲ್ಲಿ ಕುಂದಾಪುರದ ಕಡೆಯಿಂದ ಬಸ್ಸು ಹತ್ತಿ ಬಂದು, ಹಗಲು ಕ್ಯಾಂಟೀನಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಖಾಸಗಿ ಕಚೇರಿಯೊಂದರ ಗುಮಾಸ್ತರಾಗಿ ನಿವೃತ್ತರಾದವರು. ಇನ್ನೊಬ್ಬರು 1995ರಲ್ಲಿ ಮದುವೆಯಾಗಿ ಬಂದು, ಸಂಘದ ಮಹಿಳಾ ವಿಭಾಗದ ಲೆಕ್ಕಪತ್ರವನ್ನು ಇಂದಿಗೂ ನೋಡಿಕೊಳ್ಳುತ್ತಿರುವವರು. ಮಗಳು ಬಿ.ಕಾಂ. ಮುಗಿಸಿ ನಾಲ್ಕು ವರ್ಷಗಳಿಂದ ಬ್ಯಾಂಕೊಂದರ ಕಚೇರಿಯಲ್ಲಿದ್ದಾಳೆ. ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿದ ಮೇಲೆ ವಿಷಯ ಹೊರಗೆ ಬಂತು.

"ಎಂತ ಕೆಲಸ ಅದು, ಮಗಾ?" ಎಂದು ಕೇಳಿದೆವು.

"ಜನರನ್ನು ಒಟ್ಟುಗೂಡಿಸುವುದು, ಅಪ್ಪಯ್ಯ."

"ಅದಕ್ಕೂ ಸಂಬಳ ಉಂಟಾ?"

ಈ ಪ್ರಶ್ನೆಗೆ ಯಾರೂ ನಗಬಾರದು. ಜನರನ್ನು ಒಟ್ಟುಗೂಡಿಸುವ ಕೆಲಸವನ್ನು ನಮ್ಮ ಸಂಘದ ಕಾರ್ಯದರ್ಶಿಗಳು ಹಲವು ವರ್ಷಗಳಿಂದ ಬಿಟ್ಟಿಯಾಗಿಯೇ ಮಾಡುತ್ತ ಬಂದಿದ್ದಾರೆ. ಸಭೆಯ ಚಹಾದ ಖರ್ಚನ್ನೂ ಎಷ್ಟೋ ಸಲ ತಮ್ಮ ಕಿಸೆಯಿಂದಲೇ ಕೊಟ್ಟಿದ್ದಾರೆ. ಅದು ಒಂದು ಉದ್ಯೋಗವಾಗಬಹುದು, ಅದಕ್ಕೆ ನೇಮಕಪತ್ರ, ರಜೆ, ಪ್ರಾವಿಡೆಂಟ್ ಫಂಡು ಇರಬಹುದು ಎಂಬುದು ನಮ್ಮ ತಲೆಮಾರಿಗೆ ಹೊಸ ಸುದ್ದಿ.

ಆದರೆ ವಿದ್ಯೆ ಹೊಸದಲ್ಲ. ಮುಂಬಯಿಯಲ್ಲೇ 1936ರಲ್ಲಿ ಸರ್ ದೊರಾಬ್ಜಿ ಟಾಟಾ ಅವರ ಹೆಸರಿನಲ್ಲಿ ಸಮಾಜಕಾರ್ಯದ ಶಾಲೆ ಆರಂಭವಾಯಿತು. ಇಂದು ದೇವನಾರ್‌ನಲ್ಲಿರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದೇ. ಸಮುದಾಯ ಸಂಘಟನೆ ಎಂಬುದು ಇಂಥ ಶಾಲೆಗಳಲ್ಲಿ ಕಲಿಸುವ ಒಂದು ಪಾಠ. ಅಮೆರಿಕೆಯ ಶಿಕಾಗೋ ನಗರದಲ್ಲಿ 1930ರ ದಶಕದ ಕೊನೆಗೆ ಸಾಲ್ ಅಲಿನ್‌ಸ್ಕಿ ಎಂಬವರು ಕಸಾಯಿಖಾನೆಗಳ ಸುತ್ತಲಿನ ಕೂಲಿಕಾರರ ಕೇರಿಯಲ್ಲಿ ಈ ಕೆಲಸಕ್ಕೆ ಒಂದು ಪದ್ಧತಿಯನ್ನು ಹಾಕಿಕೊಟ್ಟರು. ಮುಂದೆ ರಾಷ್ಟ್ರಾಧ್ಯಕ್ಷರಾದ ಬರಾಕ್ ಒಬಾಮಾ ಅವರು ಕಾನೂನು ಓದುವುದಕ್ಕೆ ಮೊದಲು, 1985ರಲ್ಲಿ, ಅದೇ ನಗರದಲ್ಲಿ ಇದೇ ಹುದ್ದೆಗೆ ಸೇರಿದ್ದರು. ಇದನ್ನು ಕೇಳಿ ನಮ್ಮ ನೆರೆಮನೆಯವರು, "ಹಾಗಾದರೆ ಪರವಾಗಿಲ್ಲ, ಪ್ರಮೋಶನ್ನು ಒಳ್ಳೆಯದುಂಟು" ಎಂದರು.

ಸಂಘಟನೆಗೂ ಸಮಾಜಸೇವೆಗೂ ಇರುವ ವ್ಯತ್ಯಾಸವನ್ನು ಮಗಳು ನೀರಿನ ಉದಾಹರಣೆಯಿಂದ ವಿವರಿಸಿದಳು. ನಲ್ಲಿಯಿಲ್ಲದ ಕೇರಿಗೆ ಟ್ಯಾಂಕರಿನಲ್ಲಿ ನೀರು ತಂದು ಹಂಚಿದರೆ ಅದು ಸೇವೆ. ನಲ್ಲಿ ಏಕೆ ಇಲ್ಲವೆಂದು ವಿಚಾರಿಸಿ, ಕೊಡಬೇಕಾದ ಕಚೇರಿಗೆ ಅಲ್ಲಿಯ ಜನರೇ ಹೋಗಿ ಕೇಳುವಂತಾದರೆ ಅದು ಸಂಘಟನೆ. ಕೊಡಕೂಡದೆಂದು ನಿಯಮವೇ ಇದ್ದರೆ, ಆ ನಿಯಮ ಬದಲಾಗಲಿ ಎಂದು ಸರಕಾರದ ಮುಂದೆಯೋ ನ್ಯಾಯಾಲಯದ ಮುಂದೆಯೋ ವಾದಿಸುವುದು 'ಅಡ್ವೊಕಸಿ'. ಮುಂಬಯಿಯಲ್ಲಿ ಹಾಗೆಯೇ ಆಯಿತು. ಸರಕಾರ ಗೊತ್ತುಮಾಡಿದ ದಿನಾಂಕದ ಅನಂತರ ಎದ್ದ ಗುಡಿಸಲುಗಳಿಗೆ ಮಹಾನಗರಪಾಲಿಕೆ ಅಧಿಕೃತ ನೀರು ಕೊಡುತ್ತಿರಲಿಲ್ಲ. ಪಾನೀ ಹಕ್ ಸಮಿತಿ ಎಂಬ ಸಂಘಟನೆ ಹೈಕೋರ್ಟಿಗೆ ಹೋಯಿತು. ಮನೆ ಅನಧಿಕೃತವಾಗಿರಬಹುದು, ಆದರೆ ಅದರಲ್ಲಿರುವ ಮನುಷ್ಯನಿಗೆ ಕುಡಿಯುವ ನೀರನ್ನು ನಿರಾಕರಿಸಲಾಗದು, ಅದು ಸಂವಿಧಾನದ 21ನೆಯ ವಿಧಿ ಕೊಟ್ಟಿರುವ ಜೀವಿಸುವ ಹಕ್ಕಿನ ಭಾಗ ಎಂದು 2014ರ ಡಿಸೆಂಬರಿನಲ್ಲಿ ಮುಂಬಯಿ ಹೈಕೋರ್ಟು ಹೇಳಿತು.

"ತೀರ್ಪೇನೋ ಬಂತು. ಆ ಕಾಗದ ಹಿಡಿದುಕೊಂಡು ವಾರ್ಡು ಆಫೀಸಿಗೆ ಹತ್ತು ಸಲ ಹೋಗುವವರು ಯಾರು, ಅಮ್ಮ? ಅವರನ್ನು ಹೊರಡಿಸುವ ಕೆಲಸ ಇದು" ಎಂದಳು.

ಕೆಲಸ ಒಳ್ಳೆಯದೆಂಬುದರಲ್ಲಿ ನಮಗೆ ಸಂಶಯವಿರಲಿಲ್ಲ. ಸಂಶಯವಿದ್ದದ್ದು ಅಕ್ಕಿಬೇಳೆಯ ವಿಷಯದಲ್ಲಿ. ಸಂಬಳ ಬ್ಯಾಂಕಿನವರು ಕೊಡುವುದರ ಅರ್ಧಕ್ಕಿಂತ ತುಸು ಮೇಲೆ. ನೇಮಕ ಒಂದು ವರ್ಷಕ್ಕೆ. ದೇಣಿಗೆಯ ಹಣ ಮುಂದುವರಿದರೆ ಕೆಲಸವೂ ಮುಂದುವರಿಯುತ್ತದೆ. ಜನ ಕೂಲಿನಾಲಿಯಿಂದ ಮರಳುವುದು ರಾತ್ರಿ. ಆದ್ದರಿಂದ ಸಭೆಗಳೆಲ್ಲ ರಾತ್ರಿ ಮತ್ತು ಭಾನುವಾರ. ಇತ್ತ ನಮ್ಮ ಮನೆಯ ಸಾಲದ ಕಂತು ಇನ್ನೂ ಆರು ವರ್ಷ ಇದೆ, ಅದರಲ್ಲಿ ಅರ್ಧ ಮಗಳು ಕಟ್ಟುವುದು. ಊರಿನಿಂದ ದೊಡ್ಡಮ್ಮನ ಫೋನು ಬಂತು: "ಬ್ಯಾಂಕಿನ ಕೆಲ್ಸ ಬಿಟ್ಟ್ ಅಲ್ಲಿಗೆ ಹೋಪುದಾ? ನಾಳೆ ಹೆಣ್ಣ್ ಕಾಂಬುಕೆ ಬಂದರಿಗೆ ಎಂತ ಹೇಳುದ್?" ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆವು. ಬ್ಯಾಂಕಿನಲ್ಲಿಟ್ಟ ನಿವೃತ್ತಿಯ ಹಣದ ಬಡ್ಡಿ, ಮನೆಯಲ್ಲಿ ನಡೆಸುವ ಹೊಲಿಗೆಯ ಕೆಲಸದ ಆದಾಯ ಎರಡನ್ನೂ ಕೂಡಿಸಿದರೆ ಒಂದು ವರ್ಷ ಹೇಗೋ ತೂಗಿಸಬಹುದು ಎಂದಾಯಿತು. ನೇಮಕಪತ್ರ ಕೈಗೆ ಬರುವವರೆಗೆ ಬ್ಯಾಂಕಿನ ಕೆಲಸ ಬಿಡಕೂಡದು ಎಂಬ ಒಂದು ಷರತ್ತು ಹಾಕಿದೆವು. ಅವಳು ಒಪ್ಪಿದಳು.

ಇನ್ನು ಅರ್ಜಿ. ಹೆಸರು, ವಯಸ್ಸು, ವಿದ್ಯೆಯ ಕಾಲಂಗಳೆಲ್ಲ ಒಂದೇ ಪುಟದಲ್ಲಿ ಮುಗಿದವು. ಸಮಾಜಕಾರ್ಯದ ಪದವಿ ಇದ್ದರೆ ಒಳ್ಳೆಯದು, ಆದರೆ ಬೇಕೇ ಬೇಕೆಂದಿಲ್ಲ. ಮರಾಠಿ, ಹಿಂದಿ ಬರಬೇಕು. ಬೇರೆ ಭಾಷೆ ಬಂದರೆ ತಿಳಿಸಿ ಎಂದಿತ್ತು. ಅನಂತರ ಎರಡು ಪ್ರಶ್ನೆಗಳು, ಪ್ರತಿಯೊಂದಕ್ಕೂ ಒಂದು ಪುಟ ಖಾಲಿ. ಮೊದಲನೆಯದು: ನೀವು ನಾಲ್ಕು ಜನರನ್ನು ಕೂಡಿಸಿ ಏನನ್ನಾದರೂ ಬದಲಾಯಿಸಿದ ಒಂದು ಸಂದರ್ಭವನ್ನು ವಿವರಿಸಿ. ಎರಡನೆಯದು: ನಿಮ್ಮ ಸಮುದಾಯ ಯಾವುದು?

ಮೊದಲನೆಯ ಪ್ರಶ್ನೆಯ ಮುಂದೆ ಮಗಳು ಪೆನ್ನು ಕಚ್ಚಿಕೊಂಡು ಎರಡು ರಾತ್ರಿ ಕುಳಿತಳು. "ನಾನು ಯಾವ ಚಳವಳಿ ಮಾಡಿದ್ದೇನೆ ಅಂತ ಬರೆಯಲಿ?" ಎಂದಳು. 2020ರ ಲಾಕ್‌ಡೌನನ್ನು ನಾವು ನೆನಪಿಸಬೇಕಾಯಿತು. ಹೋಟೆಲುಗಳೂ ಕ್ಯಾಂಟೀನುಗಳೂ ಬಾಗಿಲು ಹಾಕಿ, ಊರಿನ ಹುಡುಗರು ಅಲ್ಲಲ್ಲೇ ಸಿಕ್ಕಿಬಿದ್ದಿದ್ದರು. ಮೇ ತಿಂಗಳಿನಲ್ಲಿ ಶ್ರಮಿಕರ ವಿಶೇಷ ರೈಲುಗಳು ಆರಂಭವಾದವು. ಕರ್ನಾಟಕಕ್ಕೆ ಮರಳುವವರು ಸೇವಾಸಿಂಧುವಿನಲ್ಲಿ ಹೆಸರು ದಾಖಲಿಸಬೇಕಿತ್ತು. ಮೇ 18ರಂದು ಮಹಾರಾಷ್ಟ್ರದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದು ಕರ್ನಾಟಕ ಹೇಳಿತು. ಊರೂ ಬೇಡವೆನ್ನುತ್ತದೆ, ಈ ನಗರವೂ ಇಟ್ಟುಕೊಳ್ಳುವುದಿಲ್ಲ ಎಂಬ ಆ ದಿನಗಳ ಕಳವಳವನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಆಗ ಸಂಘದ ಯುವ ವಿಭಾಗದ ನಾಲ್ಕೈದು ಮಕ್ಕಳು ಮನೆಯಲ್ಲೇ ಕುಳಿತು, ಫೋನಿನಲ್ಲಿ, ಯಾರು ಎಲ್ಲಿದ್ದಾರೆ, ಯಾವ ತಾಲೂಕಿಗೆ ಹೋಗಬೇಕು, ಯಾರಿಗೆ ಔಷಧ ಬೇಕು ಎಂದು ಪಟ್ಟಿ ಮಾಡಿದರು. ಅವರಲ್ಲಿ ನಮ್ಮ ಮಗಳೂ ಒಬ್ಬಳು.

ಅವಳು ಅದನ್ನೇ ಬರೆದಳು. ಸಮಾಜಕಾರ್ಯ ಓದಿದ ಅವಳ ಗೆಳತಿಯೊಬ್ಬಳು ಅದನ್ನು ಓದಿ, ಕೆಂಪು ಗೆರೆ ಎಳೆದು ಹಿಂದಕ್ಕೆ ಕೊಟ್ಟಳು. "ಇಡೀ ಪುಟದಲ್ಲಿ ನಾನು ಮಾಡಿದೆ, ನಾನು ಕೊಡಿಸಿದೆ ಅಂತಲೇ ಇದೆ. ಆ ಹುಡುಗರು ಏನು ಮಾಡಿದರು?" ಎಂದು ಕೇಳಿದಳು. ಆ ಪ್ರಶ್ನೆಯಿಂದ ನಮ್ಮೆಲ್ಲರ ನೆನಪೂ ಚುರುಕಾಯಿತು. ಹೌದು, ಪಟ್ಟಿಯನ್ನು ಪೂರ್ಣಗೊಳಿಸಿದವರು ಆ ಹುಡುಗರೇ. ತಾಲೂಕಿನ ಪ್ರಕಾರ ಹತ್ತು ಹತ್ತು ಮಂದಿ ಗುಂಪಾಗಿ, ಗುಂಪಿಗೆ ಒಬ್ಬನನ್ನು ಮುಖ್ಯಸ್ಥನೆಂದು ಆರಿಸಿ, ಇದ್ದ ಒಂದೇ ಫೋನಿಗೆ ಸರದಿಯ ಮೇಲೆ ರೀಚಾರ್ಜು ಮಾಡಿಸಿ, ಬಾಡಿಗೆ ಕೇಳಲು ಬಂದ ಚಾಳಿನ ಮಾಲಿಕನೊಡನೆ ಒಟ್ಟಾಗಿ ಮಾತನಾಡಿ ಎರಡು ತಿಂಗಳ ಗಡುವು ಪಡೆದಿದ್ದರು. ಮಗಳು ಪುಟವನ್ನು ಮತ್ತೆ ಬರೆದಳು. ಈ ಸಲ ವಾಕ್ಯಗಳ ಕರ್ತೃ ಬದಲಾಗಿದ್ದ. ಬ್ಯಾಂಕಿನ ಅರ್ಜಿಯಲ್ಲಿ ನಮ್ಮನ್ನು ನಾವು ಎಷ್ಟು ದೊಡ್ಡದಾಗಿ ತೋರಿಸಿದರೂ ಕಡಮೆಯೇ. ಈ ಅರ್ಜಿಯಲ್ಲಿ ಬೇರೆಯವರು ಎಷ್ಟು ದೊಡ್ಡವರಾದರು ಎಂದು ತೋರಿಸಬೇಕು. ಇಂಥ ಅರ್ಜಿ ಬರೆಯುವವರು ನೆನಪಿಡಬೇಕಾದ ಮೊದಲ ಮಾತು ಇದೇ ಎಂದು ನಮಗೆ ತೋರುತ್ತದೆ.

ಎರಡನೆಯ ಪ್ರಶ್ನೆ ಇನ್ನೂ ಕಠಿಣ. ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ನಮ್ಮ ಕಡೆ 'ಸಮುದಾಯ' ಎಂದೊಡನೆ ಕಿವಿಗೆ ಬೀಳುವುದು ಜಾತಿ. ಅದನ್ನೂ ಅಲ್ಲಗಳೆಯುವಂತಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ, ಬಂಟರ ಸಂಘ 1927ರಲ್ಲಿ. ಜಾತಿಯ ಗೆರೆ ದಾಟಿ ನುಡಿಯ ಹೆಸರಿನಲ್ಲಿ, ನಾಡಿನ ಹೆಸರಿನಲ್ಲಿ ಸೇರಿದ ಮೈಸೂರು ಅಸೋಸಿಯೇಷನ್ 1926ರದು, ಮಾಹಿಮಿನ ಕರ್ನಾಟಕ ಸಂಘ 1933ರದು. ಊರಿನಿಂದ ಬಂದ ಹುಡುಗನಿಗೆ ಮಲಗಲು ಜಾಗ, ಉಣ್ಣಲು ಅನ್ನ, ಓದಲು ರಾತ್ರಿ ಶಾಲೆ, ಕಾಯಿಲೆ ಬಿದ್ದರೆ ಆಸ್ಪತ್ರೆಗೆ ಒಯ್ಯಲು ಎರಡು ಜನ. ಇದನ್ನೆಲ್ಲ ಯಾರ ಸಂಬಳವೂ ಇಲ್ಲದೆ ನಮ್ಮ ಹಿರಿಯರು ಕಟ್ಟಿದರು. ಸಂಘಟನೆಯ ವಿದ್ಯೆ ನಮ್ಮಲ್ಲಿ ಇಲ್ಲವೆಂದು ಯಾರೂ ಹೇಳಲಾರರು. ಆದರೆ ಅದು ನಮ್ಮವರಿಗಾಗಿ ನಮ್ಮವರು ಮಾಡಿದ್ದು. ನಮ್ಮವರು ಎಂದರೆ ಯಾರು ಎಂಬಲ್ಲಿಗೆ ಬಂದಾಗಲೇ ಮಾತು ತೊಡಕುವುದು.

ಕನ್ನಡ ನಾಡಿನಿಂದ ಈ ನಗರಕ್ಕೆ ಬಂದು ಆ ತೊಡಕನ್ನು ಬಿಡಿಸಿಕೊಂಡ ಇಬ್ಬರ ಹೆಸರನ್ನು ಅಂದು ನಾವು ಮಗಳಿಗೆ ಹೇಳಿದೆವು. ಒಬ್ಬರು ಜಾರ್ಜ್ ಫೆರ್ನಾಂಡಿಸ್. ಮಂಗಳೂರಿನಿಂದ ಬರಿಗೈಯಲ್ಲಿ ಬಂದು, ಚೌಪಾಟಿಯ ಬೆಂಚಿನ ಮೇಲೆ ಮಲಗಿ, ಹೋಟೆಲಿನ ಹುಡುಗರನ್ನೂ ಟ್ಯಾಕ್ಸಿಯವರನ್ನೂ ಸಂಘಟಿಸಿದವರು; 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಹೋದವರು. ಅವರ ಹಿಂದೆ ನಿಂತ ಟ್ಯಾಕ್ಸಿಯವರೆಲ್ಲ ಮಂಗಳೂರಿನವರಾಗಿರಲಿಲ್ಲ.

ಇನ್ನೊಬ್ಬರ ಹೆಸರು ನಮ್ಮ ಸಂಘಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಜೋಕಿನ್ ಅರ್ಪುತಂ ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ, ತಮಿಳು ಕುಟುಂಬದಲ್ಲಿ. 1960ರ ದಶಕದಲ್ಲಿ ಮುಂಬಯಿಗೆ ಬಂದು ಮಾನ್‌ಖುರ್ದ್‌ನ ಜನತಾ ಕಾಲೊನಿಯಲ್ಲಿ ನೆಲೆಸಿದರು. ಕಸ ಎತ್ತಲು ಪಾಲಿಕೆಯವರು ಬಾರದಿದ್ದಾಗ, ಕೇರಿಯ ಮಕ್ಕಳ ಕೈಗೆ ಕಸದ ಪೊಟ್ಟಣ ಕೊಟ್ಟು, ಪಾಲಿಕೆಯ ಕಚೇರಿಯ ಮುಂದೆ ಹಾಕಿಸಿದವರು ಅವರು. 1976ರಲ್ಲಿ ಆ ಕಾಲೊನಿಯನ್ನು ಕೆಡವಿ ಜನರನ್ನು ಚೀತಾ ಕ್ಯಾಂಪಿಗೆ ಸಾಗಿಸಿದರು. ಮನೆ ಉಳಿಯಲಿಲ್ಲ, ಆದರೆ ಕೂಡಿ ನಿಲ್ಲುವ ಅಭ್ಯಾಸ ಉಳಿಯಿತು. ಅವರು ಕಟ್ಟಿದ ಕೊಳೆಗೇರಿ ನಿವಾಸಿಗಳ ರಾಷ್ಟ್ರೀಯ ಒಕ್ಕೂಟ, 1984ರಲ್ಲಿ ಆರಂಭವಾದ ಸ್ಪಾರ್ಕ್, ಪಾದಚಾರಿ ಮಾರ್ಗದ ಮೇಲೆ ಬದುಕುವ ಹೆಂಗಸರ ಮಹಿಳಾ ಮಿಲನ್ ಈ ಮೂರೂ ಒಂದುಗೂಡಿ, ತಮ್ಮ ಕೇರಿಯ ತಲೆಗಳನ್ನು ತಾವೇ ಎಣಿಸುವ, ದಿನಕ್ಕೆ ಒಂದೋ ಎರಡೋ ರೂಪಾಯಿ ತಾವೇ ಕೂಡಿಡುವ ಪದ್ಧತಿಯನ್ನು ಬೆಳೆಸಿದವು. ಅವರಿಗೆ 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2011ರಲ್ಲಿ ಪದ್ಮಶ್ರೀ ಬಂದವು, 2018ರಲ್ಲಿ ತೀರಿಕೊಂಡರು. ಇವರಿಬ್ಬರೂ ಯಾವ ಹುದ್ದೆಗೂ ಅರ್ಜಿ ಹಾಕಿ ಸಂಘಟಕರಾದವರಲ್ಲ ಎಂಬುದು ಬೇರೆ ಮಾತು.

ಮಗಳು ಕೊನೆಗೆ ಬರೆದದ್ದು ಆರೇ ಸಾಲು. 'ನಾನು ಹುಟ್ಟಿದ್ದು ಊರು ಬಿಟ್ಟು ಬಂದವರ ಮನೆಯಲ್ಲಿ. ಇಲ್ಲಿಯವರೆಗೆ ನನ್ನ ಭಾಷೆಯವರೊಡನೆ ಕೆಲಸ ಮಾಡಿದ್ದೇನೆ. ಊರು ಬಿಟ್ಟು ಬಂದವರೆಲ್ಲ ನನ್ನ ಸಮುದಾಯವೆಂದು ಹೇಳುವ ಆಸೆಯಿದೆ. ಅದು ನಿಜವೋ ಅಲ್ಲವೋ ಎಂಬುದು ಕೆಲಸ ಮಾಡಿದ ಮೇಲೆ ತಿಳಿಯಬೇಕು' ಎಂಬುದು ಅದರ ಸಾರ. ಸ್ವಲ್ಪ ಧೈರ್ಯವಾಗಿ ಬರೆಯಬಾರದೇ ಎಂದೆವು. "ಇದ್ದದ್ದು ಇಷ್ಟೇ" ಎಂದಳು.

ಅರ್ಜಿ ಹೋದ ಮೂರು ವಾರಕ್ಕೆ ಕರೆ ಬಂತು. ಇಂಥ ಸಂಸ್ಥೆಗಳು ಮೇಜಿನ ಮುಂದೆ ಕೂರಿಸಿ ಕೇಳಿದರಷ್ಟೇ ತೃಪ್ತರಾಗುವುದಿಲ್ಲ. ಒಂದು ದಿನ ಕೇರಿಯಲ್ಲಿ ಕಳೆಯಬೇಕು. ಶನಿವಾರ ಬೆಳಿಗ್ಗೆ ಡೊಂಬಿವಲಿಯಿಂದ ಹೊರಟು, ಕುರ್ಲಾದಲ್ಲಿ ಇಳಿದು, ಹಾರ್ಬರ್ ಲೈನು ಹಿಡಿದು ಮಾನ್‌ಖುರ್ದ್‌ಗೆ ಹೋದವಳು ರಾತ್ರಿ ಹತ್ತಕ್ಕೆ ಮನೆಗೆ ಬಂದಳು. ಊಟಕ್ಕೂ ಮೊದಲು ಮಾತೇ ಬಂತು.

ಅಲ್ಲಿಯ ಒಂದು ಸಾಲಿನಲ್ಲಿ ಕಲಬುರಗಿ, ಯಾದಗಿರಿ ಕಡೆಯ ಕುಟುಂಬಗಳಿವೆಯಂತೆ. ನಾಕಾದಲ್ಲಿ ನಿಂತು ಕಟ್ಟಡದ ಕೂಲಿಗೆ ಹೋಗುವವರು. ಮಗಳು ಫೋನಿನಲ್ಲಿ ನಮ್ಮೊಡನೆ ಎರಡು ಮಾತು ಆಡಿದ್ದನ್ನು ಕೇಳಿದ ಒಬ್ಬ ಹೆಂಗಸು ಕೊಡ ಇಳಿಸಿ ಕೇಳಿದಳಂತೆ: "ತಂಗೀ, ನೀ ಕನ್ನಡದಾಕಿ ಏನು? ಯಾವೂರವ್ವ ನಿಂದು?" ಅನಂತರ ಮನೆಯೊಳಗೆ ಕರೆದು, ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು, ಕಾಗದಗಳನ್ನು ಹರವಿದಳು. ಅವಳ ಹೆಸರು ರೇಷನ್ ಕಾರ್ಡಿನಲ್ಲಿ ಒಂದು ರೀತಿ, ಮತದಾರರ ಪಟ್ಟಿಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಮತ್ತೊಂದು ರೀತಿ. ಹೆಸರಿನ ಕೊನೆಯ 'ಅವ್ವ' ಒಬ್ಬ ಗುಮಾಸ್ತನ ಕೈಯಲ್ಲಿ 'ಅವಾ' ಆಗಿ, ಇನ್ನೊಬ್ಬನ ಕೈಯಲ್ಲಿ 'ಬಾಯಿ' ಆಗಿತ್ತು.

ಅದರಿಂದೇನು ಎಂದು ಕೇಳಬಹುದು. ಮುಂಬಯಿಯಲ್ಲಿ ಆ ಒಂದು ಅಕ್ಷರದ ಮೇಲೆ ಮನೆ ನಿಂತಿದೆ. 1995ರಿಂದ ಇಲ್ಲಿ ಝೋಪಡ್‌ಪಟ್ಟಿ ಪುನರ್ವಸತಿ ಯೋಜನೆ ನಡೆದಿದೆ. ಕೇರಿಯನ್ನು ಕೆಡವಿ ಕಟ್ಟುವ ಕಟ್ಟಡದಲ್ಲಿ ಅರ್ಹರಿಗೆ ಮನೆ. ಅದರ ಅಳತೆ ಮೊದಲು 225 ಚದರ ಅಡಿ, ಆಮೇಲೆ 269, ಈಗ 300. 2000ದ ಜನವರಿ 1ಕ್ಕೆ ಮೊದಲಿನಿಂದ ಗುಡಿಸಲು ಇದೆಯೆಂದು ತೋರಿಸಿದರೆ ಉಚಿತ. ಅಲ್ಲಿಂದ 2011ರ ಜನವರಿ 1ರವರೆಗಿನದಾದರೆ ಹಣ ಕೊಟ್ಟು. ಅದಕ್ಕೆ ಹಳೆಯ ಕಾಗದಗಳು ಬೇಕು, ಅವುಗಳಲ್ಲಿ ಹೆಸರು ಹೊಂದಬೇಕು. ಅರ್ಹರ ಪಟ್ಟಿಯಲ್ಲಿ ಹೆಸರಿಲ್ಲವಾದರೆ ಇಪ್ಪತ್ತೈದು ವರ್ಷ ಬಾಳಿದ ಜಾಗ ಒಂದು ದಿನದಲ್ಲಿ ಪರರ ಪಾಲು. 2011ರ ಜನಗಣತಿಯಂತೆ ಬೃಹನ್ಮುಂಬಯಿಯ ಪ್ರತಿ ಹತ್ತು ಜನರಲ್ಲಿ ನಾಲ್ವರು ಇಂಥ ಕೇರಿಗಳಲ್ಲಿರುವವರು. ಅರ್ಜಿಯ ವಿದ್ಯೆಯಲ್ಲಿ ನಮ್ಮನ್ನು ಮೀರಿಸುವವರಿಲ್ಲ ಎಂದೆವಷ್ಟೆ. ನಮ್ಮ ಅರ್ಜಿ ತಡವಾದರೆ ಟೆಲಿಫೋನು ತಡವಾಗುತ್ತಿತ್ತು. ಅವರ ಅರ್ಜಿ ತಪ್ಪಿದರೆ ತಲೆಯ ಮೇಲಿನ ಸೂರು ಹೋಗುತ್ತದೆ.

ಸಂದರ್ಶನದಲ್ಲಿ ಕೇಳಿದ ಪ್ರಶ್ನೆ ಇದು: "ಒಂದೇ ನಲ್ಲಿ, ನಲವತ್ತು ಮನೆ, ಎರಡು ಗಂಟೆ ನೀರು. ದಿನವೂ ಜಗಳ. ನೀವು ಮೊದಲು ಯಾರನ್ನು ಕಾಣುತ್ತೀರಿ?" ಸರದಿಯಲ್ಲಿ ಕೊನೆಗೆ ನಿಲ್ಲುವವರನ್ನು ಎಂದಳು ಮಗಳು. "ಚಾವಿವಾಲಾನನ್ನು ಯಾವಾಗ ಕಾಣುತ್ತೀರಿ?" ಎಂದು ಹಿರಿಯರೊಬ್ಬರು ಕೇಳಿದರು. ಪಾಲಿಕೆಯ ನೀರಿನ ಕೀಲಿ ತಿರುಗಿಸುವವನನ್ನು ಇಲ್ಲಿ ಹಾಗೆ ಕರೆಯುತ್ತಾರೆ. ಒಬ್ಬಳೇ ಹೋಗುವುದಿಲ್ಲ, ಕೊನೆಗೆ ನಿಲ್ಲುವವರನ್ನೂ ಮೊದಲು ನಿಲ್ಲುವವರನ್ನೂ ಒಟ್ಟಿಗೆ ಕರೆದುಕೊಂಡು ಹೋಗಿ ಕಾಣುತ್ತೇನೆ ಎಂದಳು. ಅವರು ತಲೆಯಾಡಿಸಿದರಂತೆ. ಮನೆಯಲ್ಲಿ ನಾವು ಆ ತಲೆಯಾಡಿಸುವಿಕೆಯ ಅರ್ಥವನ್ನು ಎಂಟು ದಿನ ಚರ್ಚಿಸಿದೆವು.

ಒಂಬತ್ತನೆಯ ದಿನ ಫೋನು ಬಂತು. ಹುದ್ದೆ ಮಗಳಿಗೆ ದೊರೆಯಲಿಲ್ಲ. ಅದೇ ಕೇರಿಯ ಒಬ್ಬ ಹೆಂಗಸಿಗೆ ದೊರೆಯಿತು. ಆಕೆ ಓದಿರುವುದು ಏಳನೆಯ ತರಗತಿ. ನಲ್ಲಿಯ ಸರದಿಯನ್ನು ಮೂರು ವರ್ಷಗಳಿಂದ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟು ಜಗಳವನ್ನು ಅರ್ಧಕ್ಕೆ ಇಳಿಸಿದವಳು. ಸಂಸ್ಥೆಯವರು ಸಂಕೋಚವಿಲ್ಲದೆ ಕಾರಣ ಹೇಳಿದರು: ಇಬ್ಬರಲ್ಲಿ ಒಬ್ಬರನ್ನೇ ತೆಗೆದುಕೊಳ್ಳಬಹುದಾದಾಗ ಆ ಕೇರಿಯವರನ್ನೇ ತೆಗೆದುಕೊಳ್ಳುವುದು ತಮ್ಮ ಪದ್ಧತಿ.

ಸಾಲದ ಕಂತಿನ ಚಿಂತೆ ತಪ್ಪಿತಲ್ಲ ಎಂಬ ಸಮಾಧಾನವೂ ಮಗಳ ಬಾಡಿದ ಮುಖ ನೋಡಿದ ಸಂಕಟವೂ ನಮ್ಮಲ್ಲಿ ಒಟ್ಟಿಗೇ ಇದ್ದವು. ಎರಡು ದಿನ ಅವಳು ಹೆಚ್ಚು ಮಾತನಾಡಲಿಲ್ಲ. ಮೂರನೆಯ ದಿನ, "ನಾನು ಆ ಕಮಿಟಿಯಲ್ಲಿದ್ದರೂ ಅವರನ್ನೇ ಆರಿಸುತ್ತಿದ್ದೆ, ಅಮ್ಮ" ಎಂದಳು. ಅದು ಸಮಾಧಾನಕ್ಕೆ ಹೇಳಿದ ಮಾತಲ್ಲವೆಂದು ಅವಳ ದನಿಯಿಂದಲೇ ತಿಳಿಯಿತು. ಆ ಫೋನಿನಲ್ಲಿ ಇನ್ನೊಂದು ವಿಷಯವೂ ಇತ್ತು. ಕನ್ನಡದ ಸಾಲಿನವರ ಕಾಗದಗಳನ್ನು ಓದಿ ಹೊಂದಿಸಿಕೊಡಲು ಭಾನುವಾರಗಳಲ್ಲಿ ಬರಬಹುದೇ, ಸಂಬಳವಿಲ್ಲ, ರೈಲಿನ ಖರ್ಚು ಕೊಡುತ್ತೇವೆ ಎಂದು ಕೇಳಿದ್ದರು. ಈಗ ನಾಲ್ಕು ತಿಂಗಳಿನಿಂದ ಹೋಗುತ್ತಿದ್ದಾಳೆ. ಊರಿನ ಶಾಲೆಯ ಕನ್ನಡ ದಾಖಲೆ, ಇಲ್ಲಿಯ ಮರಾಠಿ ಕಾಗದ, ಇಂಗ್ಲಿಷಿನ ಪಟ್ಟಿ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು, ಒಬ್ಬಳೇ ಹೆಂಗಸಿನ ಮೂರು ಹೆಸರುಗಳನ್ನು ಒಂದು ಮಾಡುವ ಅಫಿಡವಿಟ್ಟಿಗೆ ಬೇಕಾದ ವಿವರ ಬರೆದುಕೊಡುವುದು ಅವಳ ಕೆಲಸ. ಹುದ್ದೆ ಪಡೆದ ಆ ಹೆಂಗಸೇ ಅವಳಿಗೆ ಯಾರ ಮನೆಗೆ ಮೊದಲು ಹೋಗಬೇಕೆಂದು ಹೇಳಿಕೊಡುವವಳು. ಇತ್ತೀಚೆಗೆ ಬೇರೊಂದು ಸಂಸ್ಥೆಯ ಪ್ರಕಟಣೆ ನೋಡಿ ಮಗಳು ಮತ್ತೊಂದು ಅರ್ಜಿ ಹಾಕಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ. ಹಳೆಯ ಕ್ಯಾಲೆಂಡರನ್ನು ನಾವು ಎಸೆದಿಲ್ಲ.

ಇಂಥ ಕೆಲಸಕ್ಕೆ ಅರ್ಜಿ ಹಾಕುವ ಮಕ್ಕಳ ತಂದೆತಾಯಿಗಳಿಗೆ ನಾಲ್ಕು ಮಾತು. ಸಂಸ್ಥೆ ಸೊಸೈಟಿಯಾಗಿಯೋ ಟ್ರಸ್ಟಾಗಿಯೋ ನೋಂದಾಯಿತವಾಗಿದೆಯೇ ಎಂದು ನೋಡಿ. ವಾರ್ಷಿಕ ವರದಿ, ಲೆಕ್ಕಪತ್ರ ಕೇಳಿ. ಒಳ್ಳೆಯವರು ಕೇಳಿದರೆ ಬೇಸರಿಸುವುದಿಲ್ಲ. ಹಣ ಯಾರದು, ಎಷ್ಟು ಕಾಲಕ್ಕೆ ಎಂಬುದನ್ನು ತಿಳಿದುಕೊಳ್ಳಿ. ನೇಮಕಪತ್ರ ಬರಹದಲ್ಲಿರಲಿ. ಇಪ್ಪತ್ತು ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಪ್ರಾವಿಡೆಂಟ್ ಫಂಡು ಇರಬೇಕು. ಹತ್ತು ಅಥವಾ ಹೆಚ್ಚು ಮಂದಿ ಇರುವಲ್ಲಿ 2013ರ ಕಾಯಿದೆಯಂತೆ ಹೆಣ್ಣುಮಕ್ಕಳ ದೂರು ಕೇಳುವ ಆಂತರಿಕ ಸಮಿತಿ ಇರಬೇಕು. ರಾತ್ರಿ ಸಭೆಯಿಂದ ಮರಳುವ ವ್ಯವಸ್ಥೆ ಏನೆಂದು ಮೊದಲೇ ಕೇಳಿ. ಸೇವೆಯ ಹೆಸರಿನಲ್ಲಿ ಇವನ್ನು ಕೇಳಲು ನಾಚಬೇಕಾಗಿಲ್ಲ. ಬೇರೆಯವರ ಹಕ್ಕನ್ನು ಕೇಳಲು ಹೊರಟವರು ತಮ್ಮದನ್ನೂ ಕೇಳಲು ಬಲ್ಲವರಾಗಿರಬೇಕು.

ಕೊನೆಗೆ ನಮ್ಮದೊಂದು ವಿನಂತಿ. ಡೊಂಬಿವಲಿಯ ಸ್ಟೇಷನ್ನಿನ ಹೊರಗಿನ ನಾಕಾದಲ್ಲೂ ಬೆಳಿಗ್ಗೆ ಎಂಟಕ್ಕೆ ನಿಂತರೆ ವಿಜಯಪುರದ ಕನ್ನಡ, ಕಲಬುರಗಿಯ ಕನ್ನಡ ಕಿವಿಗೆ ಬೀಳುತ್ತದೆ. ಅವರು ನಮ್ಮ ನಾಡಹಬ್ಬಕ್ಕೆ ಬರುವುದಿಲ್ಲ, ಏಕೆಂದರೆ ಅವರನ್ನು ಕರೆಯುವವರಿಲ್ಲ. ಸಂಘದ ವಾಚನಾಲಯ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಖಾಲಿಯಿರುತ್ತದೆ. ಒಂದು ಮೇಜು, ನಾಲ್ಕು ಕುರ್ಚಿ, ಝೆರಾಕ್ಸ್ ಯಂತ್ರ ಅಲ್ಲಿವೆ. ಆ ಮೂರು ಗಂಟೆ ಆ ಕೋಣೆಯನ್ನು ಇವರ ಕಾಗದಪತ್ರದ ಕೆಲಸಕ್ಕೆ ಬಿಟ್ಟುಕೊಡಬೇಕೆಂದೂ, ಕನ್ನಡ ಬಾರದವರು ಬಂದರೂ ಹಿಂದಕ್ಕೆ ಕಳುಹಿಸಬಾರದೆಂದೂ ಕಾರ್ಯಕಾರಿ ಸಮಿತಿಗೆ ನಾವೊಂದು ಅರ್ಜಿ ಬರೆದಿದ್ದೇವೆ. ಮುಂದಿನ ತಿಂಗಳ ಸಭೆಯಲ್ಲಿ ಅದು ಚರ್ಚೆಗೆ ಬರುತ್ತದೆ. ಈವರೆಗೆ ಹನ್ನೊಂದು ಮಂದಿ ಸದಸ್ಯರು ಸಹಿ ಹಾಕಿದ್ದಾರೆ. ಕಾಗದದಲ್ಲಿ ಇನ್ನೂ ಬೇಕಾದಷ್ಟು ಜಾಗವಿದೆ.